ಪೊದೆಗೆ ಬೆನ್ನು ಹಾಕಿ ನಿಂತವರು

ನಾನು ಹುಣಸೂರಿನ ಕಾಲೇಜಿಗೆ ಸೇರಿದ ವರ್ಷವೇ ಅಲ್ಲಿ ಹುಡುಗಿಯರ ಸಾಫ್ಟ್‌ಬಾಲ್ ತಂಡ ಹುಟ್ಟಿತು. ಅದುವರೆಗೆ ನಮಗೆ ಇದ್ದದ್ದು ಖೋಖೋ, ಥ್ರೋಬಾಲ್ ಎರಡೇ. ಹೊಸದಾಗಿ ಬಂದ ದೈಹಿಕ ಶಿಕ್ಷಣದ ಮೇಡಂ ತಾವು ಓದುವಾಗ ಈ ಆಟ ಆಡಿದ್ದರಂತೆ. ಗೋಣಿಚೀಲದಲ್ಲಿ ಹಳೆಯ ಗ್ಲೌಸು, ಬ್ಯಾಟು, ಕೆಲವೇ ಚೆಂಡು ತುಂಬಿಕೊಂಡು ತರಗತಿಗೆ ಬಂದು, "ಒಂಬತ್ತು ಜನ ಬೇಕು. ಆಟ ಬರಬೇಕು ಅಂತೇನಿಲ್ಲ, ಇಲ್ಲಿ ಯಾರಿಗೂ ಬರಲ್ಲ" ಅಂದರು. ಮುಂದಿನ ಬೆಂಚಿನಲ್ಲಿ ಕೂತಿದ್ದ ತಪ್ಪಿಗೆ ನಾನೂ ಆ ಒಂಬತ್ತರಲ್ಲಿ ಸೇರಿದೆ.

ಮೊದಲ ದಿನವೇ ಚೆಂಡು ತುಟಿಗೆ ಬಡಿದು ರಕ್ತ ಬಂತು. ಹೆಸರು ಸಾಫ್ಟ್ ಎಂದಿದ್ದರೂ ಆ ಚೆಂಡು ಮೆತ್ತಗಿಲ್ಲ. ಕ್ರಿಕೆಟ್ ಚೆಂಡಿಗಿಂತ ದಪ್ಪ, ಹೆಚ್ಚುಕಡಿಮೆ ಅಷ್ಟೇ ಗಟ್ಟಿ. ಆಮೇಲೆ ಚೆಂಡು ಬಂದಾಗಲೆಲ್ಲ ನಾನು ಕಣ್ಣು ಮುಚ್ಚಿಬಿಡುತ್ತಿದ್ದೆ. ನಮ್ಮೂರು ಕಂಪಲಾಪುರದಿಂದ ಬೆಳಗ್ಗೆ ಬಸ್ಸು ಹತ್ತುವಾಗಲೇ ಇವತ್ತು ಆಟ ಇರದಿದ್ದರೆ ಸಾಕು ಅಂದುಕೊಳ್ಳುತ್ತಿದ್ದೆ. ಬಿಟ್ಟುಬಿಡುತ್ತೇನೆ ಎಂದು ಹೇಳಲು ಹೋದರೆ ಮೇಡಂ ನನ್ನ ಕೈಗೆ ಕಬ್ಬಿಣದ ಜಾಲರಿಯ ಮುಖವಾಡ ಕೊಟ್ಟರು. "ನೀನು ಕ್ಯಾಚರ್. ಬ್ಯಾಟು ಹಿಡಿದವಳ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡೀಬೇಕು. ಮುಖಕ್ಕೆ ಇದಿರುತ್ತೆ, ಎದೆಗೆ ಪ್ಯಾಡ್ ಇರುತ್ತೆ. ಇನ್ನೇನಕ್ಕೆ ಹೆದರ್ತೀಯ?"

ಆ ಜಾಲರಿಯ ಹಿಂದೆ ನನಗೆ ಉಸಿರು ಬಂತು. ಬೆನ್ನ ಹಿಂದೆ ಕಾಲೇಜಿನ ಗೋಡೆ, ಎದುರಿಗೆ ಇಡೀ ಮೈದಾನ. ಎಲ್ಲವೂ ಕಾಣುತ್ತಿತ್ತು. ನನಗೆ ಚೆಂಡು ಎಸೆಯುತ್ತಿದ್ದವಳು ವೀರನಹೊಸಹಳ್ಳಿ ಕಡೆಯ ಹುಡುಗಿ. ಉದ್ದ ತೋಳಿನವಳು, ಮಾತು ಕಡಿಮೆ. ಕಾಡಿನಂಚಿನ ಮನೆಯಿಂದ ಬರುವವಳಾದ್ದರಿಂದ ಅವಳಿಗೆ ಯಾವುದರ ಭಯವೂ ಇಲ್ಲವೆಂದು ನಾವೆಲ್ಲ ನಂಬಿದ್ದೆವು.

ಎರಡನೆಯ ವರ್ಷ, ಹೊಗೆಸೊಪ್ಪಿನ ಕೆಲಸ ಮುಗಿಯುತ್ತಾ ಬಂದಿದ್ದ ದಿನಗಳಲ್ಲಿ, ನಮ್ಮ ಮೈದಾನದ ಹಿಂದಿನ ಕೆರೆಯಂಚಿನಲ್ಲಿ ಹುಲಿಯ ಹೆಜ್ಜೆ ಕಂಡಿತು. ಅದಕ್ಕೆ ಮುಂಚೆ ಪಕ್ಕದ ಹಳ್ಳಿಯಲ್ಲಿ ಒಂದು ಕರು ಹೋಗಿತ್ತು. ಅರಣ್ಯ ಇಲಾಖೆಯವರು ಬಂದು ಬೋನು ಇಟ್ಟರು. ಎಲ್ಲರ ಫೋನಿಗೂ ವಿಡಿಯೋಗಳು ಬರತೊಡಗಿದವು. ಅವುಗಳಲ್ಲಿದ್ದದ್ದು ನಮ್ಮ ಹುಲಿಯೋ, ಎಲ್ಲಿಯದೋ ಹಳೆಯ ಹುಲಿಯೋ ಯಾರಿಗೂ ಗೊತ್ತಿರಲಿಲ್ಲ. ಒಂದು ವಾರ ಆಟ ನಿಂತಿತು. ಅಂತರ ಕಾಲೇಜು ಪಂದ್ಯ ಹತ್ತಿರ ಬಂದಿದ್ದರಿಂದ, ಬಿಸಿಲು ಚೆನ್ನಾಗಿ ಏರಿದ ಮೇಲೆ ಮಾತ್ರ ಆಡಬಹುದೆಂದು ಪ್ರಾಂಶುಪಾಲರು ಒಪ್ಪಿದರು.

ಮೈದಾನದ ಆಚೆ ಬದಿಗೆ ಬೇಲಿ ಇರಲಿಲ್ಲ. ಕೆರೆಯವರೆಗೂ ಲಂಟಾನ ಪೊದೆ. ಮೊದಲು ಯಾರಾದರೂ ಚೆಂಡನ್ನು ಅಷ್ಟು ದೂರ ಹೊಡೆದರೆ ಕೂಗಿ ಕುಣಿಯುತ್ತಿದ್ದೆವು. ಈಗ ಚೆಂಡು ಮೇಲೆದ್ದರೆ ಎಲ್ಲರ ಬಾಯಿಯೂ ಒಣಗುತ್ತಿತ್ತು, ಯಾಕೆಂದರೆ ಯಾರಾದರೊಬ್ಬರು ಹೋಗಿ ಅದನ್ನು ತರಬೇಕು. ಮೇಡಂ ಏನೂ ಹೇಳದಿದ್ದರೂ ನಮ್ಮ ಹುಡುಗಿಯರ ಬ್ಯಾಟು ತಾನಾಗಿಯೇ ತಗ್ಗಿತು. ಚೆಂಡನ್ನು ನೆಲದ ಮೇಲೇ ಉರುಳಿಸಿ ಓಡುವುದನ್ನು ಕಲಿತೆವು.

ಆದರೂ ಒಂದು ದಿನ ಒಂದು ಚೆಂಡು ಹಾರಿತು. ದೂರದ ಮೂಲೆ ಕಾಯುತ್ತಿದ್ದವಳು ಹಂಪಾಪುರದ ಹುಡುಗಿ. ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದಳು, ನಗುಮೊಗದವಳು, ತಂಡದಲ್ಲೆಲ್ಲ ಚಿಕ್ಕವಳು. ಅವಳು ಯೋಚಿಸದೆ ಪೊದೆಯ ಕಡೆಗೆ ಓಡಿದಳು. ಅದೇ ಹೊತ್ತಿಗೆ ಆ ಬದಿಯ ನೆರಳಲ್ಲಿ ಮಲಗಿದ್ದ ನಾಯಿಗಳು ಎದ್ದು, ಬೊಗಳದೆ, ಬಾಲ ಮುದುರಿಕೊಂಡು ನಮ್ಮತ್ತ ಓಡಿಬಂದವು.

ಜಾಲರಿಯೊಳಗಿಂದ ನನಗೆ ಎಲ್ಲ ಕಂಡಿತು. ಹುಡುಗಿ ನಮಗೆ ಬೆನ್ನು ಹಾಕಿ ಬಗ್ಗಿದ್ದಾಳೆ. ಅವಳ ಮುಂದೆ ಲಂಟಾನದ ಒಂದು ಭಾಗ ಮಾತ್ರ ಅಲುಗಾಡುತ್ತಿದೆ. ಗಾಳಿ ಇಲ್ಲ. ಮೇಡಂ ಸೀಟಿಯನ್ನು ಬಾಯಿಗಿಟ್ಟುಕೊಂಡವರು ಊದದೆ ಹಾಗೇ ನಿಂತರು.

ವೀರನಹೊಸಹಳ್ಳಿಯವಳು ಆಗಲೇ ನಡೆಯತೊಡಗಿದ್ದಳು. ಓಡಲಿಲ್ಲ. ಮನೆಯಲ್ಲಿ ಮಾತಾಡುವ ಹಾಗೆ ಮಾತಾಡುತ್ತಾ ಹೋದಳು. "ಚೆಂಡು ಬುಡು ಕಣೆ. ಎದ್ದೇಳು. ತಿರುಗ್ಬೇಡ, ಓಡ್ಬೇಡ. ಅಂಗೇ ಇಂದಕ್ಕೆ ಬಾ. ನಾನಿಲ್ಲೇ ಇವ್ನಿ." ಆ ಹುಡುಗಿ ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟಳು. ಇವಳು ಅವಳ ಭುಜ ಹಿಡಿದು, ಇಬ್ಬರೂ ಪೊದೆಯ ಕಡೆಗೇ ಮುಖಮಾಡಿಕೊಂಡು, ಹಿಂದೆ ಹಿಂದೆ ನಡೆದುಬಂದರು. ಹತ್ತಿರ ಬಂದಾಗ ನೋಡಿದೆ: ಭಯವೇ ಇಲ್ಲವೆಂದು ನಾವು ನಂಬಿದ್ದವಳ ಹಲ್ಲು ಕಟಕಟ ಬಡಿದುಕೊಳ್ಳುತ್ತಿತ್ತು. ಕೊಠಡಿಯೊಳಗೆ ಹೋಗಿ ಬಾಗಿಲು ಹಾಕಿದ ಮೇಲೆ ಅವಳು ಮೂಲೆಯಲ್ಲಿ ವಾಂತಿ ಮಾಡಿಕೊಂಡಳು.

ಪೊದೆಯಲ್ಲಿ ಇದ್ದದ್ದು ಹುಲಿಯೇ, ಕಾಡುಹಂದಿಯೇ? ಇಂದಿಗೂ ಗೊತ್ತಿಲ್ಲ. ಇಲಾಖೆಯವರು ಹುಡುಕಿದಾಗ ಹುಲ್ಲು ಒರಗಿದ ಜಾಗವಷ್ಟೇ ಸಿಕ್ಕಿತಂತೆ. ಕೆಲವು ದಿನಗಳ ನಂತರ ಒಂದು ಹೊಗೆಸೊಪ್ಪಿನ ಹೊಲದಲ್ಲಿ ಹುಲಿಗೆ ಅರಿವಳಿಕೆ ಕೊಟ್ಟು ಹಿಡಿದರು. ಊರು ನಿಟ್ಟುಸಿರು ಬಿಟ್ಟಿತು. ಹಂಪಾಪುರದ ಹುಡುಗಿ ಮಾತ್ರ ಹಾಸ್ಟೆಲ್ ಬಿಟ್ಟು ಊರಿಗೆ ಹೋದವಳು ಬರಲಿಲ್ಲ. ಅಪ್ಪ ಕಳಿಸಲ್ಲ ಅಂತಾರೆ ಎಂದು ಫೋನಿನಲ್ಲಿ ಹೇಳಿದಳು.

ಎಂಟು ಜನ ಉಳಿದೆವು. ಎಂಟು ಜನಕ್ಕೆ ಪಂದ್ಯವಿಲ್ಲ. ಒಂದು ಭಾನುವಾರ ನಾವಿಬ್ಬರು, ಎಸೆಯುವವಳು ಮತ್ತು ಹಿಡಿಯುವವಳು, ತಾಲ್ಲೂಕು ಪಟ್ಟಣ ಕೋಟೆಗೆ ಹೋಗಿ ಅಲ್ಲಿ ಬಸ್ಸು ಬದಲಿಸಿ ಹಂಪಾಪುರ ಸೇರಿದೆವು. ಅವಳ ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ಬನ್ರವ್ವ, ಕುಂತ್ಕಳಿ. ಕರ್ಕೊಂಡೋಗಕ್ಕೆ ಬಂದ್ರಾ?"

"ಊ ಅಜ್ಜಿ," ಅಂದಳು ನನ್ನ ಗೆಳತಿ. "ಅಪ್ಪಾರು ಒಪ್ತಾರಾ ಅಂತ ಕೇಳವಾ ಅಂತ."

ಅಜ್ಜಿ ಕೈ ನಿಲ್ಲಿಸಿದರು. "ಅವ್ನು ಯಾವತ್ತು ಬ್ಯಾಡ ಅಂದ? ಓಗು ಓಗು ಅಂತಾನೇ ಅವ್ನೆ. ಇವ್ಳೇ ಒಳ್ಗಿಂದ ಈಚೆಗೆ ಬರಾಕಿಲ್ಲ. ನೀರಿಗೂ ನನ್ನೇ ಕಳಿಸ್ತಾಳೆ."

ಹುಡುಗಿ ಒಳಗಿನ ಕೋಣೆಯಲ್ಲಿ ಗೋಡೆಗೆ ಒತ್ತಿಕೊಂಡು ಕೂತಿದ್ದಳು. ನಮ್ಮನ್ನು ನೋಡಿ ತಲೆ ತಗ್ಗಿಸಿದಳು. "ಸುಳ್ಳು ಹೇಳ್ದೆ ಕಣಕ್ಕ. ನಂಗೇ ಆಗ್ತಿಲ್ಲ. ಎಲ್ಲಿ ನಿಂತ್ರೂ ಬೆನ್ನಿಂದೆ ಏನೋ ಐತೆ ಅನ್ಸುತ್ತೆ. ಪಾತ್ರೆ ತೊಳೆವಾಗ್ಲೂ ತಿರುಗಿ ತಿರುಗಿ ನೋಡ್ತೀನಿ. ಆ ಮೂಲೇಲಿ ಇನ್ನೊಂದ್ ಸಲ ನಿಲ್ಲಕ್ಕೆ ನನ್ ಕೈಲಿ ಆಗಲ್ಲ."

ಗೆಳತಿ ಏನಾದರೂ ಹೇಳುತ್ತಾಳೆಂದು ಕಾದೆ. ಅವಳು ಹೇಳಿದ್ದು ಇಷ್ಟೇ: "ನಂಗೂ ಅಂಗೇ ಆಯ್ತದೆ."

ಆಗ ನನ್ನ ಬಾಯಿಂದ ಮಾತು ಹೊರಟುಬಿಟ್ಟಿತು. "ನೀನು ನನ್ ಜಾಗದಲ್ಲಿ ಕೂತ್ಕೋ. ಅಲ್ಲಿ ಬೆನ್ನಿಗೆ ಗೋಡೆ ಇರುತ್ತೆ. ಎಲ್ಲಾ ಎದುರಿಗೇ ಕಾಣುತ್ತೆ. ಆ ಮೂಲೇಲಿ ನಾನು ನಿಲ್ತೀನಿ."

ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಯಾಚೆಯ ಪ್ರತಿ ಪೊದೆಯನ್ನೂ ನೋಡುತ್ತಾ ಬಂದೆ.

ಮರುವಾರ ಅವಳು ಬಂದಳು. ಮುಖವಾಡ ಹಾಕಿಕೊಂಡು ಗೋಡೆಗೆ ಬೆನ್ನು ಕೊಟ್ಟು ಕೂತಳು. ನಾನು ಲಂಟಾನಕ್ಕೆ ಬೆನ್ನು ಹಾಕಿ ನಿಂತೆ. ಹುಲಿ ಸಿಕ್ಕಿದೆ, ಇನ್ನು ಏನೂ ಇಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಕತ್ತಿನ ಹಿಂಭಾಗ ಕೇಳುತ್ತಿರಲಿಲ್ಲ. ಒಂದು ಎಲೆ ಸರಿದರೆ ಅಲ್ಲಿ ಕೂದಲು ನೆಟ್ಟಗಾಗುತ್ತಿತ್ತು. ಆ ದಿನಗಳಲ್ಲಿ ಊಟ ಸೇರುತ್ತಿರಲಿಲ್ಲ. ಅವ್ವ ಯಾರದೋ ಕಣ್ಣು ಬಿದ್ದಿದೆ ಎಂದು ದೃಷ್ಟಿ ತೆಗೆದಳು.

ಪಂದ್ಯ ನಡೆದದ್ದು ಕೆ.ಆರ್. ನಗರದಲ್ಲಿ. ಅಲ್ಲಿ ಕಾಡಿಲ್ಲ, ಬರೀ ಗದ್ದೆ ಎಂದು ಸಮಾಧಾನವಾಗಿದ್ದೆ. ಮೈದಾನಕ್ಕೆ ಇಳಿದು ನನ್ನ ಮೂಲೆಗೆ ಹೋದರೆ ಹಿಂದೆ ಆಳೆತ್ತರದ ಕಬ್ಬು. ಕಬ್ಬಿನೊಳಗೆ ಚಿರತೆ ಮರಿ ಹಾಕುತ್ತದೆಂದು ಬಸ್ಸಿನಲ್ಲಿ ಯಾರೋ ಹೇಳಿದ್ದು ನೆನಪಾಯಿತು.

ಎದುರಾಳಿಗಳು ಕೊನೆಯ ಸಲ ಬ್ಯಾಟು ಹಿಡಿದಾಗ ನಾವು ಒಂದೇ ರನ್ನಿನಿಂದ ಮುಂದಿದ್ದೆವು. ಅವರಲ್ಲೊಬ್ಬಳು ಓಟದ ಅರ್ಧದಾರಿಯಲ್ಲಿ, ಎರಡನೆಯ ಬೇಸಿನಲ್ಲಿ, ಓಡಲು ಕಾದಿದ್ದಳು. ಬ್ಯಾಟು ಬೀಸಿದ ಸದ್ದು ಕೇಳಿತು. ಚೆಂಡು ನನ್ನ ತಲೆಯ ಮೇಲೆ ಹಾದು, ನೆಲಕ್ಕೆ ಬಿದ್ದು, ಉರುಳುತ್ತಾ ಹೋಗಿ ಕಬ್ಬಿನ ಮೊದಲ ಸಾಲಿನ ಬುಡದಲ್ಲಿ ನಿಂತಿತು. ಓಡಿದೆ. ಕಬ್ಬಿನ ಹತ್ತಿರ ಬರುತ್ತಿದ್ದಂತೆ ಒಳಗೆ ತರಗು ಸರಕ್ಕೆಂದಿತು.

ನಿಂತುಬಿಟ್ಟೆ. ಎಷ್ಟು ಹೊತ್ತೋ ತಿಳಿಯದು, ಬಹುಶಃ ಒಂದು ಉಸಿರಿನಷ್ಟು. ಮೈದಾನದ ಗದ್ದಲವೆಲ್ಲ ದೂರವಾಯಿತು. ಒಣ ಎಲೆಗಳ ನಡುವಿನ ಕತ್ತಲೆ, ಬಿಳಿಯ ಚೆಂಡು, ನನ್ನ ಎದೆಬಡಿತ, ಇಷ್ಟೇ. ಧೈರ್ಯ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ಭಯ ಹಾಗೇ ಇತ್ತು. ಕೈ ಮಾತ್ರ ಮುಂದೆ ಹೋಯಿತು. ಅಂಗೈ ಅಂಚನ್ನು ಕಬ್ಬಿನ ಗರಿ ಕೊಯ್ದದ್ದೂ ಗೊತ್ತಾಗಲಿಲ್ಲ. ಚೆಂಡು ಹೆಕ್ಕಿ, ತಿರುಗಿ, ಕಣ್ಣಿಗೆ ಕಂಡ ಉದ್ದ ತೋಳಿನತ್ತ ಎಸೆದೆ. ಗೆಳತಿ ಅದನ್ನು ಹಿಡಿದು, ಓಟ ಮುಗಿಯುವ ಹೋಮ್‌ನಲ್ಲಿ ಕೂತಿದ್ದ ಹಂಪಾಪುರದವಳಿಗೆ ಎಸೆದಳು. ಎರಡನೆಯ ಬೇಸಿನಿಂದ ಓಡಿದವಳು ಅಷ್ಟರಲ್ಲಿ ಹೋಮ್ ಮುಟ್ಟಿದ್ದಳು, ರನ್ ಸಮವಾಯಿತು. ಚೆಂಡು ಹೊಡೆದವಳೂ ಹಿಂದೆಯೇ ಜಾರಿಕೊಂಡು ಬಂದಳು. ಹಂಪಾಪುರದ ಹುಡುಗಿ ಧೂಳಿನಲ್ಲಿ ಅವಳ ದಾರಿಗೆ ಅಡ್ಡವಾಗಿ ಬಿದ್ದು, ಅವಳ ಕಾಲಿಗೆ ಚೆಂಡು ಮುಟ್ಟಿಸಿ, ಅದನ್ನು ಬಿಡದೆ ಕೈಯೆತ್ತಿದಳು. ಔಟ್.

ಆ ಪಂದ್ಯ ನಾವು ಗೆದ್ದೆವು. ಆಮೇಲೆ ಬಂದ ನಮ್ಮ ಸರದಿಯಲ್ಲಿ, ನೆಲಕ್ಕೆ ಉರುಳಿಸಿ ಓಡುವ ನಮ್ಮ ಆಟ ಅವರಿಗೆ ಅರ್ಥವಾಗದೆ, ಬೇಕಿದ್ದ ಒಂದು ರನ್ ಸಿಕ್ಕಿತು. ಮಧ್ಯಾಹ್ನದ ಪಂದ್ಯದಲ್ಲಿ ಮೈಸೂರಿನ ತಂಡ ನಮ್ಮನ್ನು ಚೆನ್ನಾಗಿ ಸೋಲಿಸಿತು. ನನಗೆ ಆ ಸೋಲು ನೆನಪಿಲ್ಲ. ಮೇಡಂ ನನ್ನ ಅಂಗೈಗೆ ಬಟ್ಟೆ ಕಟ್ಟುತ್ತಾ, "ಹೆದರಿಕೆ ಆಯ್ತಾ?" ಎಂದು ಮೆಲ್ಲಗೆ ಕೇಳಿದ್ದು, ನಾನು ಹೂಂ ಎಂದದ್ದು, ಅವರು ಗಂಟು ಬಿಗಿದದ್ದು ನೆನಪಿದೆ.

ಮೇಡಂಗೆ ವರ್ಗವಾದ ಮೇಲೆ ತಂಡ ಎರಡು ವರ್ಷ ಇರಲಿಲ್ಲ. ಈಗ ಮತ್ತೆ ಇದೆಯಂತೆ. ಮೈದಾನಕ್ಕೆ ತಂತಿ ಬೇಲಿ ಬಂದಿದೆ. ಗೆಳತಿ ಪಿರಿಯಾಪಟ್ಟಣದ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಹಂಪಾಪುರದವಳು ಮದುವೆಯಾಗಿ ತನ್ನ ಊರಿನಲ್ಲೇ ಇದ್ದಾಳೆ. ಹೋದ ತಿಂಗಳು ಆ ಕಡೆ ಹುಲಿ ಕಂಡಿದೆ ಎಂದು ಫೋನಿಗೆ ಸುದ್ದಿ ಬಂತು. ತಕ್ಷಣ ಅವಳಿಗೆ ಕರೆ ಮಾಡಿದೆ. ರಿಂಗ್ ಆಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ.

"ಮಗೀಗೆ ನೀರು ಉಯ್ತಿದ್ದೆ ಕಣಕ್ಕ," ಅಂದಳು. "ಒಳ್ಗೇ ಇವ್ನಿ. ಅಗುಳಿ ಹಾಕಿವ್ನಿ. ಮಗ ಮಲೀಕೊಳ್ಳೋ ಗಂಟ ಮಾತಾಡ್ತಾ ಇರು."

ಮಾತಾಡುತ್ತಾ ಕೂತೆ.