ನಾನು ರೋಗಿಯಾದ ಇಂಗ್ಲೀಷ್ ಪರೀಕ್ಷೆ

ಬ್ರಹ್ಮಾವರದ ಹತ್ತಿರದ ಶಾಲೆಯೊಂದರಲ್ಲಿ ನಾನು ಇಂಗ್ಲೀಷ್ ಟೀಚರ್. ಮಕ್ಕಳು ಎದ್ದು ನಿಂತು ಇಂಗ್ಲೀಷಿನಲ್ಲಿ ಮಾತಾಡುತ್ತಾರೆ, ನಾನು ಕೂತು ಅಂಕ ಕೊಡುತ್ತೇನೆ. ದನಿಗೆ ಇಷ್ಟು, ನಿಲ್ಲುವ ಭಂಗಿಗೆ ಇಷ್ಟು, ತಡವರಿಸದೆ ಮಾತಾಡಿದರೆ ಇಷ್ಟು, ಕೇಳುಗರ ಮುಖ ನೋಡಿ ಮಾತಾಡಿದರೆ ಇಷ್ಟು. ಕೊನೆಯದು ನನಗೆ ಕಂಡರಾಗದು. ನೆಲ ನೋಡಿಕೊಂಡು ಮಾತಾಡುವ ಮಗುವಿನ ಅಂಕ ಕಡಿಯುವುದು ನನ್ನಿಂದ ಆಗಿಲ್ಲ. ಯಾಕೆಂದು ಸಹೋದ್ಯೋಗಿಗಳು ಕೇಳಿದರೆ ಏನಾದರೊಂದು ತಮಾಷೆ ಮಾಡಿ ಜಾರಿಕೊಳ್ಳುತ್ತೇನೆ. ನಿಜವಾದ ಕಾರಣ ಸ್ಟಾಫ್ ರೂಮಿನಲ್ಲಿ ಚಾ ಕುಡಿಯುತ್ತಾ ಹೇಳುವಂಥದ್ದಲ್ಲ.

ನಾನು ಕುಂದಾಪುರದಲ್ಲಿ ಡಿಗ್ರಿ ಓದುತ್ತಿದ್ದಾಗಿನ ಮಾತಿದು. ಎರಡು ಸಾವಿರದ ಇಸವಿ ಕಳೆದು ಮೂರೋ ನಾಲ್ಕೋ ವರ್ಷ ಆಗಿರಬೇಕು. ಕೊನೆಯ ವರ್ಷಕ್ಕೆ ನಮಗೊಬ್ಬ ಹೊಸ ಇಂಗ್ಲೀಷ್ ಲೆಕ್ಚರರ್ ಬಂದರು. ಘಟ್ಟದ ಮೇಲಿನವರು, ನಮ್ಮ ಮಾತು ಅವರಿಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಬರೆದು ಪಾಸಾಗುವುದು ದೊಡ್ಡದಲ್ಲ, ಬಾಯಿ ಬಿಟ್ಟು ಮಾತಾಡಿ ತೋರಿಸಿ ಎಂದು ಅವರು ಹೊಸ ಪದ್ಧತಿ ತಂದರು. ಪ್ರತಿಯೊಬ್ಬರೂ ಒಂದು ಕೆಲಸವನ್ನು ಎಲ್ಲರೆದುರು ಮಾಡುತ್ತಾ, ಮಾಡುವ ಬಗೆಯನ್ನು ಇಂಗ್ಲೀಷಿನಲ್ಲಿ ವಿವರಿಸಬೇಕು. ಕಾಗದ ನೋಡುವಂತಿಲ್ಲ.

ಅರ್ಧ ಕ್ಲಾಸು ಲಿಂಬೆ ಶರಬತ್ತು ಮಾಡಿತು. ಮೇಜಿನ ತುಂಬ ಇರುವೆ. ಲೆಕ್ಚರರ್ ಪಾಪ, ಮಕ್ಕಳ ಮನಸ್ಸು ನೋಯಬಾರದೆಂದು ಕೊಟ್ಟದ್ದೆಲ್ಲ ಕುಡಿದು ಸಂಜೆಗೆ ಗಂಟಲು ಹಿಡಿಸಿಕೊಂಡರು. ನಾನು ಕೋಟದಿಂದ ಕುಂದಾಪುರಕ್ಕೆ ಬರುವ ಬಸ್ಸಿನಲ್ಲಿ ಸೀಟು ಹಿಡಿಯುವುದು ಹೇಗೆ ಎಂದು ಬ್ಯಾಗು ಬೀಸಿ ತೋರಿಸಿದೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಇಂಗ್ಲೀಷ್ ಮಾತ್ರ ದೇವರಿಗೇ ಪ್ರೀತಿ.

ನಮ್ಮ ಕ್ಲಾಸಿನಲ್ಲಿ ಒಬ್ಬಳಿದ್ದಳು, ಬೈಂದೂರಿನ ಆಚೆಯಿಂದ ಬರುತ್ತಿದ್ದ ಹುಡುಗಿ. ಸಮುದ್ರದ ಬದಿಯ ಮನೆ. ಅಪ್ಪ ಬೋಟಿಗೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ, ಅಮ್ಮ ಬೈಂದೂರು ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಮೊದಲ ಎರಡು ವರ್ಷ ನನ್ನ ಬೆಂಚಿನಲ್ಲೇ ಕೂರುತ್ತಿದ್ದವಳು ಕೊನೆಯ ವರ್ಷ ಬರುವುದೇ ಅಪರೂಪವಾಯಿತು. ಬಂದರೂ ಕೊನೆಯ ಪೀರಿಯಡ್ ಮುಗಿಯುವ ಮೊದಲೇ ಓಡುತ್ತಿದ್ದಳು. ಮದುವೆ ನಿಶ್ಚಯವಾಗಿದೆ ಎಂದು ಕೆಲವರು ಹೇಳಿದರು. ಅವಳು ಯಾರಿಗೂ ಏನೂ ಹೇಳಲಿಲ್ಲ, ನನಗೂ ಇಲ್ಲ. ನನಗೆ ಸಿಟ್ಟು ಬಂದಿತ್ತು.

ಅಟೆಂಡೆನ್ಸ್ ಕಡಿಮೆಯಾಗಿ ಅವಳ ಹಾಲ್ ಟಿಕೆಟಿಗೇ ಸಂಚಕಾರ ಬಂತು. ಮಾತಿನ ಪರೀಕ್ಷೆ ಚೆನ್ನಾಗಿ ಮಾಡಿದರೆ ಪ್ರಿನ್ಸಿಪಾಲರ ಹತ್ತಿರ ನಾನೇ ಮಾತಾಡುತ್ತೇನೆ, ಮಾಡದಿದ್ದರೆ ನನ್ನ ಕೈಯಲ್ಲೇನೂ ಇಲ್ಲ ಎಂದರು ಲೆಕ್ಚರರ್. ಅವಳು ಆ ದಿನ ಮಧ್ಯಾಹ್ನ ನನ್ನನ್ನು ಮೆಟ್ಟಿಲ ಹತ್ತಿರ ಹಿಡಿದಳು.

"ನಂಗೊಂದ್ ಉಪ್ಕಾರ ಮಾಡ್ತ್ಯಾ ಹೆಣೆ? ಹಾಸಿಗೆ ಹಿಡ್ದವ್ರನ್ನ ನೋಡ್ಕಂಬುದ್ ಹ್ಯಾಂಗೆ ಅಂತ ಮಾಡ್ತೆ. ನೀ ರೋಗಿ ಆಯ್ಕ್. ಮಲ್ಕಂಡ್ರೆ ಸಾಕ್, ಮಾತಾಡುಕಿಲ್ಲೆ."

"ಮಾತಾಡ್ದೆ ಇಪ್ಪುದ್ ನನ್ನಿಂದ ಆತ್ತಾ ಮಾರಾಯ್ತಿ?" ಎಂದೆ. ಅವಳು ನಗಲಿಲ್ಲ.

ಖಾಲಿ ಕ್ಲಾಸಿನಲ್ಲಿ ಎರಡು ಬೆಂಚು ಜೋಡಿಸಿ ನನ್ನನ್ನು ಮಲಗಿಸಿದಳು. ಒಂದು ಕೈ ಹೆಗಲ ಕೆಳಗೆ, ಇನ್ನೊಂದು ಸೊಂಟದ ಹತ್ತಿರ. ನಾನೇನು ಹಗುರದವಳಲ್ಲ. ನನಗೆ ತಿಳಿಯುವ ಮೊದಲೇ ಮಗ್ಗುಲಾಗಿದ್ದೆ, ಬೆನ್ನ ಕೆಳಗಿನ ಶಾಲು ಬದಲಾಗಿತ್ತು. ಎಲ್ಲೂ ಎಳೆದಂತಾಗಲಿಲ್ಲ, ನೋಯಲಿಲ್ಲ. ಪುಸ್ತಕ ಓದಿ ಬರುವ ಕೈಯಲ್ಲ ಅದು ಎಂದು ನನ್ನ ದಡ್ಡ ತಲೆಗೂ ಹೊಳೆಯಿತು. ಎದ್ದು ಕೂತು, "ಯಾರ್ ಮಲ್ಗಿದ್ರ್ ನಿಮ್ಮನಿಯಗೆ?" ಎಂದು ಕೇಳಿದೆ. ಅವಳು ಶಾಲು ಮಡಚುತ್ತಾ, "ಶನಿವಾರ ಬಾ. ಕಾಲೇಜಂಗೆ ಯಾರಿಗೂ ಹೇಳುಕಾಗ," ಎಂದಳು.

ಶನಿವಾರ ಅವಳ ಜೊತೆ ಬೈಂದೂರು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸಮುದ್ರದ ಕಡೆ ನೋಡುತ್ತಾ ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ಅಮ್ಮನಿಗೆ ಪಾರ್ಶ್ವವಾಯು ಬಡಿದಿತ್ತು. ಒಂದು ಬದಿ ಬಿದ್ದುಹೋಗಿ ಮಾತೂ ನಿಂತಿತ್ತು. ಪೇಟೆಯಲ್ಲಿ "ಹ್ವಾಯ್" ಎಂದು ಒಮ್ಮೆ ಕರೆದರೆ ರಸ್ತೆಯಾಚೆಯ ಗಿರಾಕಿ ತಿರುಗುತ್ತಿದ್ದ ಬಾಯಿ ಅದು. ಮರ್ಯಾದೆಯ ಹೆಂಗಸು, ಮಗಳ ಎದುರಿಗೂ ಸೆರಗು ಜಾರಿಸಿದವಳಲ್ಲ. ನೆರೆಕರೆಯ ಹೆಂಗಸರು ನೋಡಲು ಬಂದು ಕಣ್ಣೀರು ಹಾಕಿದಾಗ, ಆಡುತ್ತಿದ್ದ ಒಂದೇ ಕೈಯಿಂದ ಹೊದಿಕೆ ಎಳೆದು ಮುಖ ಮುಚ್ಚಿಕೊಂಡಳಂತೆ. ಅವರು ಹೋಗುವ ತನಕ ತೆಗೆಯಲಿಲ್ಲವಂತೆ. ಅಂದಿನಿಂದ ಮಗಳು ಯಾರನ್ನೂ ಒಳಗೆ ಬಿಟ್ಟಿಲ್ಲ. ಊರವರು ಇವಳಿಗೆ ಸೊಕ್ಕು ಎಂದರು. ಅನ್ನಲಿ ಎಂದು ಸುಮ್ಮನಿದ್ದಳು.

ಹಾಗಾಗಿ ನಾನೂ ಒಳಗೆ ಹೋಗಲಿಲ್ಲ. ಜಗಲಿಯಲ್ಲಿ ಕೂತೆ. ಬಾಗಿಲಿಗೆ ಹಳೆಯ ಸೀರೆಯ ಪರದೆ ಕಟ್ಟಿತ್ತು. ಒಳಗೆ ಪಾತ್ರೆಯಲ್ಲಿ ಬಟ್ಟೆ ಅದ್ದಿ ಹಿಂಡುವ ಸದ್ದು, ಆಮೇಲೆ ಅವಳ ದನಿ. ಇಂಗ್ಲೀಷಿನಲ್ಲಿ. ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಕ್ಲಾಸಿನಲ್ಲಿ ಹಾಜರಿ ಹೇಳಲೂ ಹೆದರುತ್ತಿದ್ದವಳು ಸಲೀಸಾಗಿ, ಎಲ್ಲೂ ತಡೆಯದೆ ಮಾತಾಡುತ್ತಿದ್ದಳು. ಈಗ ನಿನ್ನ ಕೈ ಎತ್ತುತ್ತೇನೆ, ನೀರು ಬೆಚ್ಚಗಿದೆ, ಈಗ ಎಡಕ್ಕೆ ತಿರುಗಿಸುತ್ತೇನೆ, ಇನ್ನು ಸ್ವಲ್ಪವೇ, ಆಯಿತು. ಪ್ರತಿ ಮಾತಿನ ಹಿಂದೆ ಅಮ್ಮನ ಗಂಟಲಿನಿಂದ ಒಂದು ಹ್ಞೂಂಕಾರ ಬರುತ್ತಿತ್ತು. ಇಂಗ್ಲೀಷಿನ ಒಂದಕ್ಷರ ಗೊತ್ತಿಲ್ಲದ ಹೆಂಗಸು ಪ್ರತಿಯೊಂದಕ್ಕೂ ಹ್ಞೂಂ ಎನ್ನುತ್ತಿದ್ದಳು.

ಹೊರಗೆ ಬಂದು ಕೈ ಒರೆಸಿಕೊಂಡು ನನ್ನ ಪಕ್ಕ ಕೂತಳು. "ಎಂತಕೆ ಇಂಗ್ಲೀಷು?" ಎಂದೆ.

"ಸುರುವಿಗೆ ನಮ್ ಮಾತಂಗೇ ಹೇಳ್ತಿದ್ದೆ. ಸೀರೆ ತೆಗೀತೆ ಅಮ್ಮ, ತೊಳೀತೆ ಅಮ್ಮ ಅಂತ. ಹೇಳ್ದ ಕೂಡ್ಲೆ ಕಣ್ಣ್ ಮುಚ್ಚಿ ಮರ್ಗುದ್. ನಂಗೂ ಬಾಯಂಗೆ ಬತ್ತಿಲ್ಲೆ. ಒಂದಿನ ಪರೀಕ್ಷೆಗೆ ಅಂತ ಇಂಗ್ಲೀಷಂಗೆ ಹೇಳ್ತಾ ತೊಳ್ದೆ. ಅಮ್ಮ ಕಣ್ಣ್ ಬಿಟ್ಟ್ ನನ್ ಬಾಯಿನೇ ಕಂಡ್ಳ್. ಮರ್ಗ್ಲಿಲ್ಲೆ." ಎದ್ದು ಪರದೆಯ ಸಂದು ಸರಿಮಾಡಿ ಬಂದು ಮುಂದುವರಿಸಿದಳು. "ಬೇರೆ ಯಾರೋ ನರ್ಸ್ ಬಂದ್ ಮಾಡ್ದಂಗೆ ಆತ್ತ್ ಕಾಣ್. ಅವ್ಳಿಗೂ ನಾಚ್ಕಿ ಇಲ್ಲೆ, ನಂಗೂ ಇಲ್ಲೆ."

ಹಾಗಾದರೆ ಇದನ್ನೇ ಕಾಲೇಜಿನಲ್ಲಿ ಎಲ್ಲರೆದುರು ಯಾಕೆ ಮಾಡುತ್ತೀ, ಎಲ್ಲರಂತೆ ಶರಬತ್ತು ಮಾಡು ಎಂದೆ. ಮಾಡಿ ನೋಡಿದ್ದಳಂತೆ. ಲಿಂಬೆಹಣ್ಣು ಕೈಯಲ್ಲಿ ಹಿಡಿದರೆ ಬಾಯಿ ಕಟ್ಟುತ್ತಿತ್ತಂತೆ. "ನಂಗೆ ಬಪ್ಪುದ್ ಇದೊಂದೇ ಇಂಗ್ಲೀಷ್," ಎಂದಳು. ಈ ಇಂಗ್ಲೀಷ್ ಬಳಸದಿದ್ದರೆ ಡಿಗ್ರಿ ಇಲ್ಲ, ಬಳಸಿದರೆ ಅಮ್ಮ ಮುಚ್ಚಿಕೊಂಡ ಮುಖ ಊರಿಗೆಲ್ಲ ತೆರೆದಂತೆ. ಯಾರಾದರೂ ಕೇಳಿದರೆ ಪುಸ್ತಕದಿಂದ ಕಲಿತೆ ಎಂದು ಹೇಳುವುದೆಂದು ಜಗಲಿಯಲ್ಲೇ ನಿಶ್ಚಯಿಸಿದೆವು. ವಾಪಸು ಬಸ್ಸಿನಲ್ಲಿ ನಾನು ಒಬ್ಬಳೇ. ಕಿಟಕಿಯ ಹತ್ತಿರ ಸೀಟು ಸಿಕ್ಕಿತ್ತು, ಖುಷಿಯಾಗಲಿಲ್ಲ.

ಪರೀಕ್ಷೆಯ ದಿನ ಲೆಕ್ಚರರ ಮೇಜಿಗೆ ಇನ್ನೊಂದು ಮೇಜು ಸೇರಿಸಿ ನನ್ನನ್ನು ಮಲಗಿಸಿದಳು. ಹುಡುಗರು ಸುಮ್ಮನಿರುತ್ತಾರೆಯೇ? ಹೆಣ ಎತ್ತಲು ಜನ ಬೇಕಾ ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ. ಎಲ್ಲರೂ ನಕ್ಕರು. ಬೇರೆ ದಿನವಾಗಿದ್ದರೆ ಎದ್ದು ಅವನಿಗೆ ಸರಿಯಾಗಿ ಕೊಡುತ್ತಿದ್ದೆ. ಅವಳು ಬಗ್ಗಿ, ನಿನ್ನನ್ನು ಮುಟ್ಟಲೇ ಎಂದು ಇಂಗ್ಲೀಷಿನಲ್ಲಿ ನನ್ನನ್ನು ಕೇಳಿದಳು. ನಾನು ತಲೆಯಾಡಿಸಿದೆ. ನಗು ಅಲ್ಲೊಂದು ಇಲ್ಲೊಂದು ಉಳಿದು ನಿಂತೇಹೋಯಿತು.

ಕೇಳುಗರನ್ನು ನೋಡಿ ಮಾತಾಡು ಎಂದು ಲೆಕ್ಚರರ್ ನಡುವೆ ಹೇಳಿದರು. ಅವಳು ಒಮ್ಮೆ ತಲೆಯೆತ್ತಿದಳು. ಎತ್ತಿದ ಕೂಡಲೇ ಮಾತು ನಿಂತಿತು, ತುಟಿ ಒಣಗಿದ್ದು ನನಗೆ ಕೆಳಗಿನಿಂದ ಕಂಡಿತು. ಮತ್ತೆ ನನ್ನ ಮುಖ ನೋಡಿದಳು, ಮಾತು ಹರಿಯಿತು. ಮುಖ ಒರೆಸಿ, ಮಗ್ಗುಲು ಮಾಡಿ, ಕೊನೆಗೆ ಕೂದಲು ಬಾಚತೊಡಗಿದಳು. ಅಭ್ಯಾಸ ಮಾಡಿದಾಗ ಇಲ್ಲದ ಮಾತೊಂದು ಅಲ್ಲಿ ಬಂತು. ನಿನ್ನ ಕೂದಲು ಎಷ್ಟು ಉದುರಿದೆ, ಬೇಸರ ಮಾಡಬೇಡ, ಮತ್ತೆ ಬರುತ್ತದೆ. ನನ್ನ ಜಡೆ ಆಗ ಸೊಂಟದ ತನಕ ಇತ್ತು. ನನ್ನ ಕಣ್ಣೀರು ಎರಡೂ ಕಡೆಯಿಂದ ಕಿವಿಯೊಳಗೆ ಇಳಿಯಿತು. ಎಷ್ಟು ಚೆನ್ನಾಗಿ ನಟಿಸುತ್ತಾಳೆ ಎಂದು ಮುಂದಿನ ಬೆಂಚಿನವಳು ಪಿಸುಗುಟ್ಟಿದಳು.

ಎಲ್ಲಿ ಕಲಿತೆ ಎಂದು ಲೆಕ್ಚರರ್ ಕೇಳಿದರು. ಪುಸ್ತಕದಲ್ಲಿ ಸರ್ ಎಂದಳು. ಅವರು ತಮಾಷೆಗೆ ನನ್ನ ಕಡೆ ತಿರುಗಿ, ರೋಗಿಗೆ ಈಗ ಹೇಗಿದೆ ಎಂದರು. ಬಾಯಿಬಡುಕಿ ಎಂದು ಇಡೀ ಕಾಲೇಜಿಗೆ ಗೊತ್ತಿದ್ದ ನಾನು ಮೇಜಿನಿಂದ ಇಳಿದು ಶಾಲು ಮಡಚತೊಡಗಿದೆ. ತಡವರಿಸದೆ ಮಾತಾಡಿದ್ದಕ್ಕೆ ಅವಳಿಗೆ ಎಲ್ಲರಿಗಿಂತ ಹೆಚ್ಚು ಅಂಕ ಬಂತು. ಕೇಳುಗರನ್ನು ನೋಡದ್ದಕ್ಕೆ ಸೊನ್ನೆ. ಲೆಕ್ಚರರ್ ಮಾತು ಉಳಿಸಿಕೊಂಡರು, ಹಾಲ್ ಟಿಕೆಟ್ ಬಂತು. ಅದನ್ನು ಕೈಯಲ್ಲಿ ಹಿಡಿದು ಅವಳು ಬಸ್‌ಸ್ಟ್ಯಾಂಡಿನಲ್ಲಿ ನಕ್ಕದ್ದನ್ನು ನೋಡಿ ನನಗೂ ಎದೆ ಹಗುರಾಯಿತು. ಆ ವರ್ಷ ಅವಳು ನಕ್ಕದ್ದು ಅದೊಂದೇ ಸಲ ನಾನು ಕಂಡದ್ದು.

ವರ್ಷದ ಕೊನೆಯ ಪರೀಕ್ಷೆಗೆ ಅವಳು ಬರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೇಳಲು ಆಗುವುದಿಲ್ಲ. ಮುಂದಿನ ವರ್ಷವಾದರೂ ಕಟ್ಟು ಎಂದು ನಾನು ಜಗಳವಾಡಿದೆ. "ಪಾಸಾಯಿ ಯಾರಿಗ್ ತೋರ್ಸುದ್?" ಎಂದಳು.

ಓದುವ ರಜೆಯಲ್ಲಿ ಅವಳ ಅಮ್ಮ ತೀರಿಕೊಂಡಳು. ಸುದ್ದಿ ಸಿಕ್ಕಿ ನಾನು ತಲುಪುವಾಗ ಅಂಗಳ ತುಂಬಿತ್ತು. ಅಪ್ಪ ತೆಂಗಿನ ಮರಕ್ಕೆ ಒರಗಿ ನಿಂತಿದ್ದರು. ಅಷ್ಟು ದಿನ ಒಳಗೆ ಬರಲಾಗದ ಹೆಂಗಸರೆಲ್ಲ ಒಳಗೇ ಇದ್ದರು. ಪರದೆಯನ್ನು ಯಾರೋ ಕಿತ್ತು ಬದಿಗೆ ಎಸೆದಿದ್ದರು. ಹಂಡೆಯಲ್ಲಿ ನೀರು ಕಾದಿತ್ತು. ಮೀಯಿಸಲು ಹಿರಿಯ ಹೆಂಗಸೊಬ್ಬರು ಸೊಂಟಕ್ಕೆ ಸೆರಗು ಸಿಕ್ಕಿಸಿ ಮುಂದೆ ಬಂದರು. "ನಾ ಮಾಡ್ತೆ, ನೀವ್ ಮುಟ್ಟುದ್ ಬ್ಯಾಡ," ಎಂದು ಅವಳು ಅವರನ್ನು ತಡೆದು ನನಗೆ ಕಣ್ಸನ್ನೆ ಮಾಡಿದಳು. ನಾನು ಹೋಗಿ ಹೆಗಲ ಕೆಳಗೆ ಕೈ ಕೊಟ್ಟೆ. ಅವಳ ಅಮ್ಮನ ಮುಖವನ್ನು ನಾನು ನೋಡಿದ್ದು ಆಗಲೇ ಮೊದಲು. ಇವಳದೇ ಮೂಗು, ಇವಳದೇ ಹಣೆ.

ಅವಳು ನೀರಿನಲ್ಲಿ ಕೈ ಅದ್ದಿ ಬಿಸಿ ನೋಡಿದಳು. ಈಗ ಇಂಗ್ಲೀಷ್ ಶುರುವಾಗುತ್ತದೆ, ಈ ಹೆಂಗಸರು ಏನೆಂದುಕೊಳ್ಳುತ್ತಾರೋ ಎಂದು ನಾನು ಹೆದರಿ ನಿಂತಿದ್ದೆ. ಅವಳು ಸುತ್ತ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ಬಗ್ಗಿ ಅಮ್ಮನ ಕಿವಿಯ ಹತ್ತಿರ ಬಾಯಿಟ್ಟು, ಎಲ್ಲರಿಗೂ ಕೇಳುವಂತೆ, ನಮ್ಮ ಮಾತಿನಲ್ಲೇ ಹೇಳಿದಳು:

"ಎಲ್ರೂ ಬಂದಿದ್ರ್ ಅಮ್ಮ. ನಾನ್ ಇದ್ದೆ, ನೀ ನಾಚ್ಕಣ್ಬೇಡ."