ಹತ್ತನೆಯ ಬಾವಿಯ ಕೆಂಪು ಪಟ್ಟಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಗುಡ್ಡದ ಬುಡದ ಬಾವಿಕಟ್ಟೆಯ ಮೇಲೆ ಕುಳಿತು ಆಕೆ ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ತಿಕ್ಕುತ್ತಿದ್ದಾರೆ. ಟೇಪು ಇಳಿದು ಮೇಲೆ ಬರುತ್ತದೆ. ಸುಣ್ಣ ಎಲ್ಲಿಂದ ಒದ್ದೆಯಾಗಿದೆಯೋ ಅಲ್ಲಿಂದ ನೀರು. ಆಮೇಲೆ ನೀರು ಸೇದಿ, ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಪಕ್ಕಕ್ಕೆ ಉಗುಳಿ, ಪುಸ್ತಕದಲ್ಲಿ ಏನೋ ಬರೆಯುತ್ತಾರೆ. ಉಪ್ಪು ಅಳೆಯುವ ಯಂತ್ರ ನೀರಿಗಿಳಿಯುವುದು ಅದರ ನಂತರ.

ಆಕೆಯನ್ನು ಕಳಿಸುವ ಅಂತರ್ಜಲ ಕಚೇರಿಗೆ ಬೇಕಿರುವುದು ಯಂತ್ರದ ಅಂಕಿ ಮಾತ್ರ. 'ನಾಲಿಗೆ' ಎಂಬ ಕಾಲಂ ಆಕೆಯೇ ಪೆನ್ಸಿಲಿನಲ್ಲಿ ಎಳೆದುಕೊಂಡದ್ದು. ಹಾಗಾದರೆ ನಾಲಿಗೆಯೇ ಯಾಕೆ ಮೊದಲು? "ಅಂಕಿ ನೋಡಿದ ಮೇಲೆ ನಾಲಿಗೆ ಅದಕ್ಕೇ ತಾಳ ಹಾಕುತ್ತೆ," ಎನ್ನುತ್ತಾರೆ.

ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಬೀದಿಯವರ ಬಾಯಲ್ಲಿ ಆಕೆ ಉಪ್ಪಕ್ಕ. ಗುಡ್ಡದಿಂದ ಕಡಲಂಚಿನವರೆಗೆ ಮೂರು ಸಾಲು, ಸಾಲಿಗೆ ಹನ್ನೆರಡು ಬಾವಿ, ತಿಂಗಳಿಗೆ ಮೂರು ದಿನದ ನಡಿಗೆ. ಹೊರಡುವುದು ಯಾವಾಗಲೂ ಗುಡ್ಡದ ಕಡೆಯಿಂದಲೇ. "ಸಿಹಿಯಿಂದ ಉಪ್ಪಿಗೆ ಹೋಗ್ಬೇಕು. ಉಪ್ಪು ಕುಡಿದು ಈ ಕಡೆ ಬಂದ್ರೆ ಎಲ್ಲ ಬಾವಿನೂ ಸಿಹಿನೇ." ಆ ಮೂರು ದಿನ ಹನ್ನೆರಡನೆಯ ಬಾವಿ ಮುಗಿಯುವವರೆಗೆ ಪೇಸ್ಟಿಲ್ಲ, ಚಹಾ ಇಲ್ಲ. "ಗಂಡ ಆವತ್ತು ಮಾತೇ ಆಡ್ಸಲ್ಲ. ಚಹಾ ಕುಡಿಯದವಳ ಬಾಯಿಗೆ ಯಾರು ಬೀಳ್ತಾರೆ?"

ಮಳೆಯ ಬಗ್ಗೆ ಕೇಳಿದರೆ ಪುಸ್ತಕದ ಹಳೆಯ ಹಾಳೆ ತಿರುವಿ ತೋರಿಸುತ್ತಾರೆ. "ಮಳೆ ಕಮ್ಮಿಯಾಗಿಲ್ಲ. ಮೊದ್ಲು ನೆಂಟರ ಹಾಗೆ ಬಂದು ನಾಲ್ಕು ದಿನ ಇರ್ತಿತ್ತು. ಈಗ ಬಾಗಿಲಲ್ಲೇ ಗಲಾಟೆ ಮಾಡಿ ಹೋಗುತ್ತೆ." ನೆಲಕ್ಕೆ ಇಂಗುವ ಮೊದಲೇ ನೀರು ಕಡಲು ಸೇರುತ್ತದೆ. ಒಳಗೆ ಸಿಹಿನೀರಿನ ಒತ್ತಡ ಇಳಿದರೆ ಕಡಲು ಮಣ್ಣಿನಡಿ ಸದ್ದಿಲ್ಲದೆ ಮುಂದೆ ಬರುತ್ತದೆ.

ಹಾಗೆ ಬಂದದ್ದು ಮೂರನೆಯ ಸಾಲಿನ ಹತ್ತನೆಯ ಬಾವಿಗೂ. ಅದು ಆಕೆಯ ಸ್ವಂತ ಮನೆಯ ಬಾವಿ. ಆಕೆ ಮತ್ತು ಆಕೆಯ ಅಕ್ಕ, ಇಬ್ಬರೂ ಅಣ್ಣತಮ್ಮಂದಿರನ್ನೇ ಮದುವೆಯಾಗಿ ಓರಗಿತ್ತಿಯರಾದವರು. ಎರಡು ಮನೆಯ ನಡುವೆ ಒಂದು ಗೋಡೆ, ಅಂಗಳದಲ್ಲಿ ಒಂದು ಬಾವಿ, ಅದನ್ನೇ ನಂಬಿದ ಇನ್ನೂ ಐದು ಮನೆ. ನಾಲ್ಕು ವರ್ಷದ ಹಿಂದೆ, ಯಂತ್ರ ಕೆಲವು ತಿಂಗಳು ರಿಪೇರಿಗೆ ಹೋಗಿ ಬಂದ ಮೇಲೆ, ಒಂದು ದಿನ ನಾಲಿಗೆ 'ಸಿಹಿ' ಅಂದಿತು, ಯಂತ್ರ ಸಾವಿರದ ಆರುನೂರ ನಲವತ್ತು ತೋರಿಸಿತು. ಕುಡಿಯುವ ನೀರಿಗೆ ಮಿತಿ ಸಾವಿರ. ಯಂತ್ರ ಕೆಟ್ಟಿದೆ ಎಂದುಕೊಂಡು ಎರಡು ಸಲ ತೊಳೆದು ಅದ್ದಿದರು. ಅಷ್ಟರಲ್ಲಿ ಕಾಗದ ಕೊಡಲು ಬಂದ ಹೊಸ ಅಂಚೆಯವನ ಕೈಗೆ ಲೋಟ ಕೊಟ್ಟರು. ಅವನು ಅಲ್ಲೇ ಉಗುಳಿದ.

"ಊರ ಬಾವಿಯ ಉಪ್ಪೆಲ್ಲ ಹೇಳಿದವಳಿಗೆ ನಮ್ಮನೆದು ಗೊತ್ತಾಗಲಿಲ್ಲ. ದಿನಾ ಕುಡೀತಾ ಕುಡೀತಾ ನಾಲಿಗೆ ಒಗ್ಗಿಹೋಗಿತ್ತು. ನಾಚಿಕೆಯಾಯ್ತು."

ಅಂಕಿ ಬರೆದರೆ ಬಾವಿಗೆ ಕುಡಿಯಬಾರದೆಂಬ ಕೆಂಪು ಪಟ್ಟಿ. ಏಳು ಮನೆಯವರೂ ಬೀದಿ ಕೊನೆಯ ನಲ್ಲಿಯಿಂದ ಕೊಡ ಹೊರಬೇಕು. ಅಕ್ಕನಿಗೆ ಮೊಣಕಾಲು ನೋವು. ಮಳೆ ಬರುವವರೆಗೆ ತಡೆದು ಬರಿ ಎಂದು ಅಕ್ಕ ಅಂಗಲಾಚಿದರು. ಉಪ್ಪಕ್ಕ ಬರೆದರು, ಪಟ್ಟಿಯನ್ನೂ ತಾವೇ ಬಳಿದರು. ಒಂದೂವರೆ ವರ್ಷ ಗೋಡೆಯಾಚೆಯಿಂದ ಮಾತಿರಲಿಲ್ಲ.

ಆದರೆ ಕೆಂಪು ಬಾವಿಯ ಸುತ್ತ ಬೇಸಿಗೆಯಲ್ಲಿ ದೊಡ್ಡ ಪಂಪು ಓಡಿಸುವಂತಿಲ್ಲ ಎಂಬ ನಿಯಮವಿದೆ. ಮೇಲಿನ ಬೀದಿಯ ಲಾಂಡ್ರಿಯ ಪಂಪು ನಿಂತಿತು. ಏಳು ಮನೆಯವರು ಗೊಣಗುತ್ತಲೇ ಮಾಡಿನ ಮಳೆನೀರನ್ನು ಕೊಳವೆಯಲ್ಲಿ ಬಾವಿಗೆ ಬಿಟ್ಟರು. ಅಂಕಿ ಸಾವಿರದ ಐನೂರಕ್ಕೆ, ಮರುವರ್ಷ ಸಾವಿರದ ಇನ್ನೂರಕ್ಕೆ, ಹೋದ ತಿಂಗಳು ಸಾವಿರದ ನಲವತ್ತಕ್ಕೆ ಇಳಿಯಿತು.

ಈ ದಿನ ಹತ್ತನೆಯ ಬಾವಿ ತಲುಪುವಾಗ ಅಕ್ಕ ಕಟ್ಟೆಯ ಮೇಲೆ ಕಾದು ಕೂತಿದ್ದಾರೆ. ಇಲ್ಲಿ ಉಪ್ಪಕ್ಕ ತಮ್ಮ ನಾಲಿಗೆಯನ್ನು ನಂಬುವುದಿಲ್ಲ, ರುಚಿ ನೋಡುವುದು ಈಗ ಅಕ್ಕನೇ. ನಾಲ್ಕು ವರ್ಷ ನಲ್ಲಿನೀರು ಕುಡಿದ ನಾಲಿಗೆ, ದಾಕ್ಷಿಣ್ಯವಿಲ್ಲ. ಗುಟುಕು ಕುಡಿದು, ತಡೆದು, "ಸಿಹಿ," ಎನ್ನುತ್ತಾರೆ. ಉಗುಳುವುದಿಲ್ಲ, ನುಂಗುತ್ತಾರೆ.

ಯಂತ್ರ ಇಳಿಯುತ್ತದೆ. ಉಪ್ಪಕ್ಕ ನೋಡುತ್ತಲೇ ಇದ್ದಾರೆ.

"ಎಷ್ಟು?" ಅಕ್ಕನ ಪ್ರಶ್ನೆ.

"ಸಾವಿರದ ಹತ್ತು."

ಮಿತಿಗಿಂತ ಹತ್ತು ಹೆಚ್ಚು. ಅಕ್ಕ ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಳ್ಳುತ್ತಾರೆ. "ಹಾಗಾದ್ರೆ ಸಾವಿರದ ಹತ್ತು ಅಂತಲೇ ಬರಿ. ನಾಲ್ಕು ವರ್ಷ ಹೊತ್ತೋಳು ಇನ್ನೊಂದು ತಿಂಗಳು ಹೊರ್ತೀನಿ."

ಯಂತ್ರ ಒರೆಸುವ ನೆಪದಲ್ಲಿ ಉಪ್ಪಕ್ಕ ಮುಖ ತಿರುಗಿಸುತ್ತಾರೆ. ಅಂಕಿ ಬರೆದು ಪುಸ್ತಕವನ್ನು ಚೀಲಕ್ಕೆ ಹಾಕುವಾಗ ಒಳಗೆ ಬಣ್ಣ ಕೆರೆಯುವ ತಗಡೊಂದು ಕಾಣುತ್ತದೆ. ಪಟ್ಟಿ ಬಳಿದ ದಿನವೇ ಕೊಂಡದ್ದು, ಒಮ್ಮೆಯೂ ಬಳಸಿಲ್ಲ.

"ಇನ್ನು ಎಂಟು ತಿಂಗಳಿಗೆ ನನ್ನ ಕೆಲಸ ಮುಗಿಯುತ್ತೆ," ಎನ್ನುತ್ತಾರೆ ಹನ್ನೊಂದನೆಯ ಬಾವಿಯತ್ತ ನಡೆಯುತ್ತ. "ಬಳಿದ ಕೈಯಿಂದಲೇ ಕೆರೆದು ಹೋಗ್ಬೇಕು. ಅಷ್ಟೇ."