ಒಳಗೆ ಎಷ್ಟು ಜನ?

ಆ ಕಟ್ಟಡದವರೆಲ್ಲ ಅವಳನ್ನು ಬೀಗದಕೈ ಅಕ್ಕ ಎನ್ನುತ್ತಿದ್ದರು. ಹೆಸರು ಗೊತ್ತಿರಲಿಲ್ಲ ಅಂತಲ್ಲ, ಕೆಳಗಿನ ಅಂಚೆ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲೇ ಬರೆದಿತ್ತು. ಆದರೆ ಹೆಸರಿಗಿಂತ ಅಡ್ಡಹೆಸರು ಬೇಗ ಮೆಟ್ಟಿಲು ಹತ್ತುತ್ತದೆ ನೋಡಿ.

ಸಂಜೆ ಆರಕ್ಕೆ ಅವಳು ಕೆಲಸದಿಂದ ಬರುವಳು. ಮನೆ ಮೂರನೆಯ ಮಹಡಿಯಲ್ಲಿ. ಹದಿನೆಂಟು ಮೆಟ್ಟಿಲು ಹತ್ತಿ ಮೊದಲ ಮಹಡಿಯಲ್ಲಿ ನಿಂತು ಚೀಲಕ್ಕೆ ಕೈ ಹಾಕಿ ತಡಕಾಡುವಳು. ಮತ್ತೆ ಹದಿನೆಂಟು, ಎರಡನೆಯ ಮಹಡಿಯಲ್ಲಿ ಮತ್ತೆ ಚೀಲಕ್ಕೆ ಕೈ. ಅಲ್ಲಿ ತಡಕಾಟ ಇನ್ನೂ ಸ್ವಲ್ಪ ಹೊತ್ತು. ಆ ಮಹಡಿಯಲ್ಲಿದ್ದ ಕನ್ನಡಕದಂಗಡಿಯವರ ಹೆಂಡತಿ ಬಾಗಿಲ ಸಂದಿಯಿಂದ ನೋಡಿ ಹೇಳುತ್ತಿದ್ದಳು:

"ಮಹಾರಾಯ್ತಿ ಎಷ್ಟು ಬೀಗದಕೈ ಇಟ್ಟಿದಾಳೋ! ಅರಮನೆ ಖಜಾನೆದೆಲ್ಲ ಇವಳ ಹತ್ರಾನೇ ಇರ್ಬೇಕು."

ಗಂಡ ಪೇಪರಿನಿಂದ ತಲೆ ಎತ್ತದೆ, "ಬೀಗದಕೈ ಇರೋದು ಒಂದೇ ಕಣೇ. ಅವಳು ಹುಡುಕ್ತಿರೋದು ಉಸಿರನ್ನ" ಎನ್ನುತ್ತಿದ್ದ.

ಇಬ್ಬರೂ ನಗುತ್ತಿದ್ದರು. ಕೆಟ್ಟ ನಗುವೇನಲ್ಲ. ಆದರೂ ಒಂಬತ್ತು ವರ್ಷದಲ್ಲಿ ಒಂದು ದಿನವೂ ಬಾಗಿಲು ತೆರೆದು, "ಬನ್ನಿ, ಒಂದು ಗಳಿಗೆ ಕೂತು ಹೋಗಿ" ಎಂದವರಲ್ಲ. ಅಂದಿದ್ದರೂ ಅವಳು ಕೂರುತ್ತಿರಲಿಲ್ಲ ಅನ್ನಿ. ಬೇರೆಯವರ ಮನೆಯ ಕುರ್ಚಿ ಎಂದರೆ ಅವಳಿಗೆ ಆಗುತ್ತಿರಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅವಳ ಕೆಲಸ ಊರಾಚೆಯ ವೇಬ್ರಿಡ್ಜಿನಲ್ಲಿ. ನೆಲಕ್ಕೆ ಸಮನಾಗಿ ಹಾಸಿದ ದೊಡ್ಡ ಕಬ್ಬಿಣದ ಹಲಗೆ, ಅದರ ಮೇಲೆ ಲಾರಿ ಬಂದು ನಿಲ್ಲುತ್ತದೆ, ಪಕ್ಕದ ಗೂಡಿನಲ್ಲಿ ಅಂಕಿ ಮೂಡುತ್ತದೆ. ಖಾಲಿ ಲಾರಿ ಒಮ್ಮೆ ತೂಗಬೇಕು, ಸರಕು ತುಂಬಿದ ಮೇಲೆ ಇನ್ನೊಮ್ಮೆ. ಅದರಲ್ಲಿ ಒಂದು ಹಳೆಯ ಆಟ ಇದೆ. ಖಾಲಿ ತೂಗುವಾಗ ಲಾರಿಯಲ್ಲಿ ಡ್ರೈವರ್ ಒಬ್ಬನೇ ಕೂರುತ್ತಾನೆ, ತುಂಬಿದ್ದು ತೂಗುವಾಗ ಹಿಂದಿನ ಸೀಟಿನಲ್ಲಿ ಇನ್ನಿಬ್ಬರು ಮುದುರಿಕೊಂಡು ಮಲಗಿರುತ್ತಾರೆ. ಕೂತುಂಡ ಹೊಟ್ಟೆಗಳೆಲ್ಲ ಸರಕಿನ ಲೆಕ್ಕಕ್ಕೆ! ಹಾಗಾಗಿ ಪ್ರತಿ ಲಾರಿಗೂ ಅವಳು ಗೂಡಿನಿಂದ ಹೊರಗೆ ಬಂದು, ಲಾರಿಯ ಪಾವಟಿಗೆಯ ಮೇಲೆ ಕಾಲಿಟ್ಟು, ಕಿಟಕಿಯೊಳಗೆ ತಲೆ ಹಾಕಿ ಕೇಳುತ್ತಿದ್ದಳು: "ಒಳಗೆ ಎಷ್ಟು ಜನ?"

"ಒಬ್ಬನೇ ಅಕ್ಕ."

"ಹಿಂದೆ ಕಂಬಳಿ ಉಸಿರಾಡ್ತಿದೆಯಲ್ಲೋ. ಇಳಿಸು ಅದನ್ನ."

ಇಪ್ಪತ್ತಾರು ವರ್ಷ ಹೀಗೆ. ಡ್ರೈವರುಗಳು ಬೈದುಕೊಳ್ಳುತ್ತಲೇ ಮರ್ಯಾದೆ ಕೊಡುತ್ತಿದ್ದರು. ಅವಳು ಬರೆದ ಅಂಕಿಯನ್ನು ಯಾರೂ ಎರಡನೆಯ ಸಲ ತೂಗಿ ನೋಡುತ್ತಿರಲಿಲ್ಲ.

ಆದರೆ ಮೈತೂಕ ಏರುತ್ತಾ ಹೋಯಿತು. ಒಂದು ರಜೆಯ ದಿನ ಲಾರಿಗಳಿಲ್ಲದಾಗ ತಾನೇ ಹೋಗಿ ಹಲಗೆಯ ನಡುವೆ ನಿಂತು ಬಂದಳು. ಆ ಯಂತ್ರ ಹತ್ತು ಕಿಲೋಗಿಂತ ಸಣ್ಣದನ್ನು ಲೆಕ್ಕಕ್ಕೇ ಇಡುವುದಿಲ್ಲ. ಅವಳನ್ನು ನೂರಾ ನಲವತ್ತು ಎಂದು ಇಟ್ಟಿತು. ಆಮೇಲೊಂದು ದಿನ ಲಾರಿಯೊಂದು ಬಂತು. ಪಾವಟಿಗೆಗೆ ಕಾಲೆತ್ತಿದಳು, ಮಂಡಿ ಏಳಲಿಲ್ಲ. ಇನ್ನೊಮ್ಮೆ ಎತ್ತಿದಳು. ಹಿಂದೆ ಐದು ಲಾರಿ ಹಾರನ್ ಹೊಡೆಯುತ್ತಿದ್ದವು. ಕೆಳಗೇ ನಿಂತು, "ಎಷ್ಟು ಜನ?" ಎಂದಳು. "ಒಬ್ಬನೇ" ಎಂದ. ಬರೆದುಕೊಟ್ಟಳು. ಲಾರಿ ತಿರುವಿನಲ್ಲಿ ಮರೆಯಾಗುವಾಗ ಗಾಜಿನ ಹಿಂದೆ ಮೂರು ತಲೆ ಎದ್ದು ಕೂತವು.

ಅವತ್ತು ಅವಳಿಗೆ ಅನ್ನ ಸೇರಲಿಲ್ಲ. ಮಾರನೆಯ ದಿನ ರಜೆ ಹಾಕಿ ಆಸ್ಪತ್ರೆಗೆ ಹೋದಳು.

ಹೊಟ್ಟೆಯನ್ನು ಬಾಳೆಹಣ್ಣಿನಷ್ಟು ಮಾಡುವ ಆಪರೇಷನ್ ಅದು. ಡಾಕ್ಟರು ಎಲ್ಲ ವಿವರಿಸಿದರು, ಅವಳು ಎಲ್ಲಕ್ಕೂ ಹೂಂ ಎಂದಳು. ಕೊನೆಗೆ ನರ್ಸಮ್ಮ ಒಂದು ಕಾಗದ ಹಿಡಿದು ಕೂತರು. ನಡುವಯಸ್ಸಿನವರು, ಪೆನ್ನನ್ನು ಕೂದಲಿಗೆ ಸಿಕ್ಕಿಸಿಕೊಂಡು ಊರೆಲ್ಲ ಹುಡುಕುವ ಜಾತಿ.

"ಮನೇಲಿ ಎಷ್ಟು ಜನ ಇದೀರಿ?"

ಜೀವಮಾನವಿಡೀ ತಾನು ಕೇಳಿದ ಪ್ರಶ್ನೆಯನ್ನು ಅವಳಿಗೆ ಮೊದಲ ಸಲ ಯಾರೋ ಕೇಳಿದ್ದರು.

"ಒಬ್ಬರೇ ಇರೋರಿಗೆ ನಾವು ಮಾಡಲ್ಲಮ್ಮ" ಎಂದರು ನರ್ಸಮ್ಮ, ಅವಳು ತಡೆದದ್ದನ್ನು ಕಂಡು. "ಮನೆಗೆ ಹೋದ್ಮೇಲೆ ಎರಡು ವಾರ ಪಕ್ಕದಲ್ಲಿ ಯಾರಾದ್ರೂ ಇರ್ಲೇಬೇಕು."

"ಇಬ್ಬರು" ಎಂದಳು. "ನಾನು, ನನ್ನ ತಂಗಿ."

ತಂಗಿ ಇದ್ದದ್ದು ನಿಜ. ಅದೇ ಊರಿನಲ್ಲೇ, ಬಸ್ಸಿನಲ್ಲಿ ಅರ್ಧ ಗಂಟೆ. ಚಿಕ್ಕಂದಿನಲ್ಲಿ ಕಡ್ಡಿಯಂತಿದ್ದಳು, ದನಿಯೂ ಕೀಚು ಕೀಚು, ಅದಕ್ಕೇ ಗುಬ್ಬಿ ಎಂದು ಕರೆಯುತ್ತಿದ್ದಳು ಅಕ್ಕ. ಅಮ್ಮ ಹೋದ ಮೇಲೆ ಗುಬ್ಬಿಯನ್ನು ಸಾಕಿದವಳೂ ಅವಳೇ. ಆರು ವರ್ಷದ ಹಿಂದೆ ಗುಬ್ಬಿಯ ಮನೆಯಲ್ಲಿ ಇಪ್ಪತ್ತು ಜನರ ಊಟ. ಅಕ್ಕ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಳು, ಕುರ್ಚಿಯ ಕಾಲು ನಾಲ್ಕೂ ನಾಲ್ಕು ದಿಕ್ಕಿಗೆ ಹೋಯಿತು. ಇಪ್ಪತ್ತು ಜನ ನಕ್ಕರು. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದಳು. ಆದರೆ ನಕ್ಕವರ ನಡುವೆ ಆ ಕೀಚು ದನಿಯೂ ಇತ್ತು. ಎದ್ದು, ಸೀರೆ ಕೊಡವಿಕೊಂಡು, ಚಪ್ಪಲಿ ಮೆಟ್ಟಿ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಗುಬ್ಬಿ ಫೋನ್ ಮಾಡಿದಳು, ತಿಂಗಳುಗಟ್ಟಲೆ ಮಾಡಿದಳು. ಇವಳು ಎತ್ತಲಿಲ್ಲ. ಆಮೇಲೆ ಫೋನೂ ನಿಂತಿತು.

ಆಪರೇಷನ್ ಆಯಿತು. ಮೂರನೆಯ ದಿನ ಮನೆಗೆ ಕಳಿಸಿದರು. "ತಂಗಿ ಕೆಳಗೆ ಗಾಡಿಯಲ್ಲಿ ಕಾಯ್ತಿದಾಳೆ" ಎಂದು ಹೇಳಿ, ಬಾಡಿಗೆ ಗಾಡಿ ಹಿಡಿದು ಒಬ್ಬಳೇ ಬಂದಳು. ಐವತ್ತನಾಲ್ಕು ಮೆಟ್ಟಿಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ಎರಡನೆಯ ಮಹಡಿಯಲ್ಲಿ ಅಭ್ಯಾಸದಂತೆ ಚೀಲಕ್ಕೆ ಕೈ ಹಾಕಿದಳು.

ಆ ದಿನಗಳ ಮನೆ ಹೇಗಿತ್ತು ಅಂತೀರಿ? ಟೇಬಲ್ಲಿನ ಮೇಲೆ ಔಷಧಿ ಅಳೆಯುವ ಪುಟ್ಟ ಲೋಟ, ಒಂದು ಗಡಿಯಾರ. ಕಾಲು ಗಂಟೆಗೊಮ್ಮೆ ಒಂದು ಲೋಟ ನೀರು, ಅದನ್ನೂ ಗುಟುಕರಿಸುವಂತಿಲ್ಲ, ತುಟಿ ಒದ್ದೆ ಮಾಡಿಕೊಂಡ ಹಾಗೆ ಒಂದೊಂದೇ ಹನಿ. ಗಂಟೆಗೊಮ್ಮೆ ಎದ್ದು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆಯಬೇಕು. ಹೊಟ್ಟೆಯ ಮೇಲೆ ಐದು ಸಣ್ಣ ಪಟ್ಟಿ. ನಕ್ಕರೆ ನೋವು, ಕೆಮ್ಮಿದರೆ ನೋವು. ನಗಿಸುವವರು ಯಾರೂ ಇರಲಿಲ್ಲವಾದ್ದರಿಂದ ಅರ್ಧ ನೋವು ಕಡಿಮೆ.

ಅವಳಿಗೆ ಹಸಿವೇ ಇರಲಿಲ್ಲ. ಅದೇ ದೊಡ್ಡ ಆಶ್ಚರ್ಯ. ಎಷ್ಟೋ ವರ್ಷದಿಂದ ಸಂಜೆ ಮನೆಗೆ ಬಂದರೆ ಬಾಗಿಲಲ್ಲೇ ಕಾಯುತ್ತಿದ್ದದ್ದು ಅದೊಂದೇ. ಏನು ಮಾಡಲಿ, ಏನು ತಿನ್ನಲಿ ಎಂದು ಅದರ ಜೊತೆ ಮಾತಾಡುತ್ತಲೇ ಕತ್ತಲಾಗುತ್ತಿತ್ತು. ಈಗ ಅದೂ ಮನೆ ಖಾಲಿ ಮಾಡಿತ್ತು. ಕೆಳಗಿನ ಮನೆಯಿಂದ ಈರುಳ್ಳಿ ಹುರಿಯುವ ವಾಸನೆ ಬಂದರೆ ಬಾಯಲ್ಲಿ ನೀರೂರುವ ಬದಲು ಹೊಟ್ಟೆ ತೊಳೆಸುತ್ತಿತ್ತು. ಒಂದು ತಟ್ಟೆ, ಒಂದು ಚಮಚ ಸಿಂಕಿನ ಪಕ್ಕದಲ್ಲಿ ಒಣಗಿ ಕೂತಿದ್ದವು.

ದಿನಾ ಹನ್ನೊಂದು ಗಂಟೆಗೆ ನರ್ಸಮ್ಮನ ಫೋನು.

"ಎಷ್ಟು ಲೋಟ ಆಯ್ತು? ಸರಿ, ತಂಗಿಗೆ ಕೊಡಿ."

ಮೊದಲ ದಿನ, "ಅಂಗಡಿಗೆ ಹೋಗಿದಾಳೆ." ಎರಡನೆಯ ದಿನ, "ಸ್ನಾನ ಮಾಡ್ತಿದಾಳೆ." ಮೂರನೆಯ ದಿನ ನರ್ಸಮ್ಮ, "ಸ್ನಾನ ಮುಗಿಯೋ ತನಕ ಫೋನ್ ಹಿಡ್ಕೊಂಡಿರ್ತೀನಿ ಬಿಡಿ. ಅವರ ಹತ್ರ ಮಾತಾಡಿದೀನಿ ಅಂತ ನಾನಿಲ್ಲಿ ಬರೀಬೇಕು" ಎಂದರು.

ಏನು ಮಾಡುತ್ತಾಳೆ? ಫೋನನ್ನು ಒಂದು ಕ್ಷಣ ದಿಂಬಿನ ಕೆಳಗಿಟ್ಟಳು. ಮತ್ತೆ ಎತ್ತಿಕೊಂಡು, ಗಂಟಲು ಸಣ್ಣ ಮಾಡಿಕೊಂಡು, "ಹಲೋ, ಹೇಳಿ ಸಿಸ್ಟರ್" ಎಂದಳು. ಗುಬ್ಬಿಯ ದನಿ ಅಷ್ಟು ಸಲೀಸಾಗಿ ಬಂತು, ಅವಳೇ ಬೆಚ್ಚಿದಳು.

"ನಿಮ್ಮಕ್ಕ ಹೇಗಿದಾರಮ್ಮ? ನಿಜ ಹೇಳಿ. ಅವರನ್ನ ಕೇಳಿದ್ರೆ ಎಲ್ಲಕ್ಕೂ ಚೆನ್ನಾಗಿದೀನಿ ಅಂತಾರೆ."

"ನಮ್ಮಕ್ಕ ಹಾಗೇ ಸಿಸ್ಟರ್. ಕೈ ಮುರಿದ್ರೂ ಇನ್ನೊಂದು ಕೈ ಇದೆಯಲ್ಲ ಅನ್ನೋಳು."

ನರ್ಸಮ್ಮ ನಕ್ಕರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಗುಬ್ಬಿಯ ದನಿ ನಿಲ್ಲಲಿಲ್ಲ.

"ಹೆದರಿದಾಳೆ ಅವಳು. ಹೇಳ್ಕೊಳಲ್ಲ. ಮಧ್ಯಾಹ್ನ ಸುಮ್ಮನೆ ಗೋಡೆ ನೋಡ್ತಾ ಕೂತಿರ್ತಾಳೆ. ನನ್ನ ಸಾಕಿದೋಳು ಸಿಸ್ಟರ್, ಜಡೆ ಹಾಕಿ ಸ್ಕೂಲಿಗೆ ಕಳಿಸ್ದೋಳು. ಒಬ್ಬಳನ್ನೇ ಬಿಟ್ಟುಬಿಟ್ಟೆ."

"ಬಿಟ್ಟಿಲ್ಲವಲ್ಲಮ್ಮ, ಈಗ ಜೊತೇಲೇ ಇದೀರಲ್ಲ" ಎಂದರು ನರ್ಸಮ್ಮ. "ಅವರ ಕೈ ಹಿಡ್ಕೊಂಡು ಸ್ವಲ್ಪ ಹೊತ್ತು ಕೂತ್ಕೊಳ್ಳಿ."

ಫೋನ್ ಇಟ್ಟ ಮೇಲೆ ಅವಳು ಬಲಗೈಯಿಂದ ಎಡಗೈಯನ್ನು ಹಿಡಿದುಕೊಂಡು ಕೂತಳು. ಗಡಿಯಾರ ನೋಡಲಿಲ್ಲ. ಲೋಟ ಮುಟ್ಟಲಿಲ್ಲ. ನೆನಪಿಸುವವರು ಪಕ್ಕದಲ್ಲಿರಲಿ ಎಂದು ಆಸ್ಪತ್ರೆಯವರು ಹೇಳಿದ್ದು ಇದಕ್ಕೇ ನೋಡಿ. ಎಷ್ಟು ಕಾಲುಗಂಟೆಗಳು ಹಾಗೇ ದಾಟಿದವೋ.

ನಾಲ್ಕನೆಯ ದಿನ ಬೆಳಗ್ಗೆ ಎದ್ದು ನಿಂತಾಗ ಕೋಣೆ ಒಂದು ಸುತ್ತು ತಿರುಗಿತು. ನಾಲಿಗೆ ಚರ್ಮದ ತುಂಡಿನಂತೆ ಒಣಗಿತ್ತು. ಹನ್ನೊಂದಕ್ಕೆ ಫೋನ್ ಬಂದಾಗ ಅವಳ ದನಿ ಕೇಳಿಯೇ ನರ್ಸಮ್ಮ, "ತಂಗಿಗೆ ಕೊಡಿ" ಎಂದರು. ಕೊಟ್ಟಳು, ಅಂದರೆ ದನಿ ಸಣ್ಣ ಮಾಡಿದಳು.

"ಅಕ್ಕನ ಮಣಿಕಟ್ಟು ಹಿಡಿದು ನಾಡಿ ಎಣಿಸಿ. ಪೂರ್ತಿ ಒಂದು ನಿಮಿಷ. ನಾನು ಕಾಯ್ತೀನಿ."

ಫೋನನ್ನು ಟೇಬಲ್ಲಿನ ಮೇಲಿಟ್ಟು, ತನ್ನ ಕೈ ತಾನೇ ಹಿಡಿದು, ಗಡಿಯಾರ ನೋಡುತ್ತಾ ಎಣಿಸಿದಳು. "ನೂರಾ ಹದಿನೆಂಟು."

"ಮೂತ್ರಕ್ಕೆ ಹೋದ್ರಾ?"

"ನಿನ್ನೆ ಸಂಜೆಯಿಂದ ಇಲ್ಲ."

"ಹಾಗಾದ್ರೆ ಈಗಲೇ ಕರ್ಕೊಂಡು ಬನ್ನಿ, ಡಾಕ್ಟ್ರು ನೋಡ್ಬೇಕು. ಕೇಳಿಸ್ಕೊಳ್ಳಿ, ಮೆಟ್ಟಿಲಲ್ಲಿ ನೀವು ಮುಂದೆ ಇಳೀರಿ. ಅವರು ನಿಮ್ಮ ಭುಜ ಹಿಡ್ಕೊಂಡು ಹಿಂದೆ ಬರ್ಲಿ. ಒಂದು ಮೆಟ್ಟಿಲೂ ಒಬ್ಬರನ್ನೇ ಬಿಡ್ಬೇಡಿ."

ಅವಳು ತಲೆ ಎತ್ತಿ ನೋಡಿದಳು. ಖಾಲಿ ಕೋಣೆ. ಹಿಡಿದುಕೊಳ್ಳಲು ಗೋಡೆಗಳಿದ್ದವು, ಬಾಗಿಲಿತ್ತು, ಭುಜ ಇರಲಿಲ್ಲ. ಕಂಬಳಿಯ ಕೆಳಗೆ ಅಡಗಿ ಕೂತು ತೂಕ ಹೆಚ್ಚಿಸಿದವರನ್ನು ಇಪ್ಪತ್ತಾರು ವರ್ಷ ಇಳಿಸಿದವಳು ಅವಳು. ಇಲ್ಲಿ ಇಲ್ಲದವಳನ್ನು ಇದ್ದಾಳೆ ಎಂದು ಬರೆಸಿಬಿಟ್ಟಿದ್ದಳು.

"ಸಿಸ್ಟರ್" ಎಂದಳು, ಈಗ ತನ್ನದೇ ದನಿಯಲ್ಲಿ. "ತಪ್ಪು ಬರ್ಕೊಂಡಿದೀರಿ. ಇಲ್ಲಿ ಇಬ್ಬರಿಲ್ಲ. ಒಬ್ಬಳೇ."

ಆ ಕಡೆ ನರ್ಸಮ್ಮ ಪೆನ್ನು ಕೆಳಗಿಟ್ಟ ಸದ್ದು.

"ಮತ್ತೆ ನಿನ್ನೆ ಮಾತಾಡಿದ್ದು?"

"ನಾನೇ."

"ಅಕ್ಕ ಹೆದರಿದಾಳೆ ಅಂದಿದ್ದು?"

"ಅದೂ ನಾನೇ."

ನರ್ಸಮ್ಮ ಬೈಯಲಿಲ್ಲ. "ಆ ತಂಗಿ ಅನ್ನೋರು ಭೂಮಿ ಮೇಲೆ ಇದಾರಾ, ಅವರೂ ನೀವೇನಾ?" ಎಂದರು. "ಇದಾರೆ ತಾನೆ? ಹತ್ತು ನಿಮಿಷ ಕೊಡ್ತೀನಿ. ಫೋನ್ ಮಾಡಿ. ಬರಲ್ಲ ಅಂದ್ರೆ ನಾನೇ ಆಂಬುಲೆನ್ಸ್ ಕಳಿಸ್ತೀನಿ."

ಆರು ವರ್ಷ ಒತ್ತದ ನಂಬರನ್ನು ಬೆರಳು ಮರೆತಿರಲಿಲ್ಲ. ಮೂರನೆಯ ರಿಂಗಿಗೆ ಯಾರೋ ಎತ್ತಿದರು. ದಪ್ಪ, ದಣಿದ ದನಿ. "ಯಾರು?"

"ಗುಬ್ಬಿ ಇದಾಳಾ?"

"ಅಕ್ಕಾ? ನಾನೇ ಕಣೇ."

ಆಗ ಅವಳಿಗೆ ಗೊತ್ತಾಯಿತು. ತಾನು ನಿನ್ನೆ, ಇವತ್ತು ಆಡಿದ ದನಿ ಆರು ವರ್ಷ ಹಳೆಯದು. ಆ ದನಿಯವಳು ಎಲ್ಲೂ ಇರಲಿಲ್ಲ.

"ಆಸ್ಪತ್ರೆಗೆ ಹೋಗ್ಬೇಕು" ಎಂದಳು. "ಒಬ್ಬಳೇ ಇದೀನಿ."

"ಚಪ್ಪಲಿ ಹಾಕ್ಕೊಂಡೆ" ಎಂದಿತು ಆ ಕಡೆಯ ದನಿ. "ಗಾಡಿ ಹಿಡ್ಕೊಂಡು ಬರ್ತೀನಿ. ಅಲ್ಲೇ ಇರು."

ನರ್ಸಮ್ಮನಿಗೆ ಹೇಳಿ, ಲೋಟದಿಂದ ಹನಿ ಹನಿ ನೀರು ಹೀರುತ್ತಾ ಕೂತಳು. ಇಪ್ಪತ್ತು ನಿಮಿಷಕ್ಕೆ ಕೆಳಗೆ ಗಾಡಿ ನಿಂತ ಸದ್ದು, ಮೆಟ್ಟಿಲ ಬಾವಿಯೊಳಗಿಂದ ಕೂಗು:

"ಅಕ್ಕಾ! ನನ್ನ ಮಂಡಿ ಹತ್ತಲ್ಲ ಕಣೇ! ನಾಲ್ಕು ಮೆಟ್ಟಿಲಿಗೇ ಕೂತುಬಿಟ್ಟೆ! ನಾನೂ ಈಗ ನಿನ್ನ ಹಾಗೇ ಆಗಿದೀನಿ!"

ಅವಳು ಎದ್ದಳು. ಆಸ್ಪತ್ರೆಯ ಚೀಟಿ, ಔಷಧಿ, ಆ ಪುಟ್ಟ ಲೋಟ ಚೀಲಕ್ಕೆ ಹಾಕಿದಳು. ಒಣಗಿದ ತಟ್ಟೆಯನ್ನು ಕಪಾಟಿನಲ್ಲಿಟ್ಟಳು. ಬೀಗ ಹಾಕಿದಳು. ಆಸ್ಪತ್ರೆಯಿಂದ ಮುಂದೆ ಅವಳು ಹೋದದ್ದು ಮೆಟ್ಟಿಲೇ ಇಲ್ಲದ ಗುಬ್ಬಿಯ ಮನೆಗೆ, ಮೂರನೆಯ ಮಹಡಿಯ ಸಾಮಾನು ಇಳಿಸಿದ್ದು ಕೂಲಿಯವರು. ಹಾಗಾಗಿ ಆ ಬಾಗಿಲಿಗೆ ಅವಳು ಹಾಕಿದ ಕೊನೆಯ ಬೀಗ ಅದೇ. ಅವತ್ತು ಅವಳಿಗೆ ಅದು ಗೊತ್ತಿರಲಿಲ್ಲ, ಎರಡು ಸಲ ಎಳೆದು ನೋಡಿ ಇಳಿಯತೊಡಗಿದಳು. ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಜೋಡಿಸಿ.

ಎರಡನೆಯ ಮಹಡಿಯಲ್ಲಿ ನಿಂತಳು. ಕೂಗಿಗೆ ಎಚ್ಚರವಾಗಿದ್ದ ಬಾಗಿಲು ತೆರೆಯಿತು. ಕನ್ನಡಕದಂಗಡಿಯವರ ಹೆಂಡತಿ ಅವಳ ಮುಖ ನೋಡಿ ಬಾಯಿಗೆ ಬಂದದ್ದನ್ನೇ ಹೇಳಿದಳು:

"ಬೀಗದಕೈ ಹುಡುಕ್ತಿದೀರಾ?"

"ಇಲ್ಲಮ್ಮ" ಎಂದಳು ಅವಳು. ಬೀಗದಕೈ ಮುಷ್ಟಿಯಲ್ಲೇ ಇತ್ತು. "ಸುಸ್ತಾಗಿದೆ. ನಿಲ್ಲೋಕೆ ಆಗ್ತಿಲ್ಲ."

ಒಂಬತ್ತು ವರ್ಷದ ಬಾಗಿಲು ಪೂರ್ತಿ ತೆರೆಯಿತು. ಆ ಹೆಂಗಸು ಬರಿಗಾಲಲ್ಲೇ ಹೊರಗೆ ಬಂದು, ಒಂದು ಮೆಟ್ಟಿಲು ಕೆಳಗಿಳಿದು, ಬೆನ್ನು ತಿರುಗಿಸಿ ನಿಂತಳು. "ಭುಜ ಹಿಡ್ಕೊಳ್ಳಿ. ಗಟ್ಟಿಯಾಗೇ ಹಿಡ್ಕೊಳ್ಳಿ, ಮುರಿಯಲ್ಲ."

ಕೆಳಗಿನಿಂದ ಮತ್ತೆ ಗುಬ್ಬಿ: "ಅಕ್ಕಾ, ಇನ್ನೂ ಎಷ್ಟು ಮೆಟ್ಟಿಲಿದೆ?"

"ಮೂವತ್ತಾರು" ಎಂದಳು ಅಕ್ಕ, ಆ ಭುಜದ ಮೇಲೆ ಕೈಯಿಟ್ಟು. "ಹೊತ್ತಾಗುತ್ತೆ. ಕಾಯ್ತಿರು."